ಶಾಸಕರೇ, ಏರಿ ಕಡೆ ತೋಡಿಸಿ, ಹಿನ್ನೀರಿನ ಅಂಚು ಬಿಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ಕೆರೆಯ ಹೂಳೆತ್ತುವ ಎರಡನೇ ಹಂತಕ್ಕೆ ಮೊನ್ನೆ ನೀವೇ ಪೂಜೆ ಮಾಡಿದಿರಿ. ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಬೇಸಿಗೆ ಬಿಟ್ಟರೆ ಅದನ್ನು ಇನ್ಯಾವಾಗ ತೆಗೆಯೋಕಾಗುತ್ತೆ, ನನಗೂ ಗೊತ್ತು. ಆದರೆ ಏರಿ ಕಡೆ, ತೂಬಿನ ಹತ್ತಿರ ತೋಡಿಸಿ. ಹಿನ್ನೀರಿನ ಅಂಚು ಬಿಡಿ. ಹೋದ ಬೇಸಿಗೆಯಲ್ಲೂ ಇದನ್ನೇ ಕೇಳಿದ್ದೆ.

ಏಪ್ರಿಲ್ ಬಂದರೆ ಕೆರೆ ಖಾಲಿ ಅಂದುಕೊಂಡಿದ್ದೀರೇನೋ. ಒಮ್ಮೆ ಬೆಳಿಗ್ಗೆ ಬನ್ನಿ, ಕಾರು ಏರಿ ಮೇಲೇ ಬಿಟ್ಟು ಇಳಿಯಿರಿ. ನೀರು ಸರಿದ ಜಾಗದಲ್ಲಿ ಹೊನಗೊನೆ, ಒಂದೆಲಗ ಹಸಿರಾಗಿರುತ್ತವೆ, ನಮ್ಮ ಬೀದಿಯ ಹೆಂಗಸರು ಸಾರಿಗೆ ಸೊಪ್ಪು ಕೀಳೋದು ಅಲ್ಲೇ. ಜೊಂಡಿನೊಳಗೆ ನೀರುಕೋಳಿ. ಕೆಸರಿನಡಿ ಮಳೆಗೆ ಕಾಯುತ್ತಾ ಹುದುಗಿದ ಆಮೆ. ಟಿಟ್ಟಿಭ ಹಕ್ಕಿಯಂತೂ ಬರೀ ನೆಲದ ಮೇಲೆ, ಕಲ್ಲುಗಳ ನಡುವೆಯೇ ಮೊಟ್ಟೆ ಇಡುತ್ತೆ, ಬಿಸಿಲು ಜಾಸ್ತಿಯಾದರೆ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಅದರ ಮೇಲೆ ಕೂರುತ್ತೆ.

ಹೋದ ವರ್ಷ ಅಂಥ ನಾಲ್ಕು ಮೊಟ್ಟೆಗಳ ಸುತ್ತ ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೆ. ಜೆಸಿಬಿ ಹುಡುಗ, ಪಾಪ, ಸುತ್ತು ಹಾಕಿಕೊಂಡೇ ಹೋಗುತ್ತಿದ್ದ. ಗುತ್ತಿಗೆದಾರರ ಕಡೆಯವರೊಬ್ಬರು ಬಂದರು. ತಿರುಗಿಸೋಕೆ ಜಾಗ ಸಾಲಲ್ಲ ಅಂತ ಟ್ರ್ಯಾಕ್ಟರನ್ನು ಅದರ ಮೇಲೇ ಹತ್ತಿಸಿದರು. ಕೂಗಾಡಿದ್ದಕ್ಕೆ "ಹಕ್ಕಿಗೆ ರೆಕ್ಕೆ ಇದೆಯಲ್ಲ ಸಾರ್, ಬೇರೆ ಕಡೆ ಹೋಗುತ್ತೆ" ಅಂದರು. ಮೊಟ್ಟೆಗೂ ರೆಕ್ಕೆ ಇರುತ್ತಾ ಸ್ವಾಮಿ? ಆ ಎರಡು ಹಕ್ಕಿಗಳು ಸಂಜೆವರೆಗೂ ಟ್ರ್ಯಾಕ್ಟರ್ ಮೇಲೆ ಕಿರುಚುತ್ತಾ ಸುತ್ತಿದವು. ಅದೇ ವಾರ ಕೆರೆಯೊಳಗಿನ ಕರಿಜಾಲಿ ಮರಗಳೂ ಉರುಳಿದವು.

ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡಿದರೂ ಅದು ಬೇಟೆಯೇ ಅನ್ನುತ್ತೆ 1972ರ ವನ್ಯಜೀವಿ ಕಾಯ್ದೆ. ಕಾನೂನು ಮಾಡುವವರಿಗೆ ನಾನೇನು ಹೇಳಿಕೊಡಲಿ, ಅಲ್ವಾ. ದೂರು ಹಿಡಿದು ಅಲೆದೆ. ಕೆರೆ ನಮ್ಮದಲ್ಲ ಅಂತ ಒಂದು ಕಚೇರಿ, ಹಕ್ಕಿ ನಮ್ಮದಲ್ಲ ಅಂತ ಇನ್ನೊಂದು. ಮಂಡಿನೋವು ಇಟ್ಟುಕೊಂಡು ಮೆಟ್ಟಿಲು ಹತ್ತಿದ್ದೇ ಬಂತು, ಅಂಗಡಿ ಬಾಗಿಲು ಹಾಕಿ ಹೋದ ದಿನಗಳ ವ್ಯಾಪಾರವೂ ಹೋಯಿತು.

ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಊರ ಕೆರೆಯೇ. ಅಲ್ಲಿ ನೀರಲ್ಲಿ ನಿಂತ ಕರಿಜಾಲಿ ಮರಗಳಲ್ಲೇ ಹಕ್ಕಿಗಳು ಗೂಡು ಕಟ್ಟುತ್ತವೆ, ಈಗ ಅದು ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿದೆ. ನಮಗೆ ವಾಕಿಂಗ್ ಪಾತು, ಸೆಲ್ಫಿ ತೆಗೆಯೋಕೆ ಒಂದು ಬೋರ್ಡು. ಸಂತೋಷ! ಆದರೆ ಅಂಚನ್ನೆಲ್ಲ ಬಾವಿಯ ಹಾಗೆ ಕಡಿದಾಗಿ ಕೊರೆದರೆ, ನಾಳೆ ಕೆರೆ ತುಂಬಿದರೂ ಕೊಕ್ಕರೆಗೆ ಕಾಲೂರೋಕೆ ಜಾಗ ಇರಲ್ಲ. ಅದಕ್ಕೇ ಹಿನ್ನೀರಿನ ಅಂಚು ಬಿಡಿ ಅನ್ನುತ್ತಿರುವುದು.

ಮುಂದಿನ ವಾರ ಜೆಸಿಬಿ ಬರುತ್ತಂತೆ. ಅಷ್ಟರೊಳಗೆ, ಹಿನ್ನೀರಿನ ಅಂಚು ಮುಟ್ಟಬಾರದು, ಉಳಿದಿರುವ ಜಾಲಿ ಮರ ಕಡಿಯಬಾರದು ಅಂತ ಲಿಖಿತ ಆದೇಶ ಕೊಡಿಸಿ. "ನೋಡೋಣ" ಅನ್ನಬೇಡಿ, ಹೋದ ವರ್ಷ ನಿಮ್ಮ ಆಪ್ತ ಸಹಾಯಕರು ಅದನ್ನೇ ಅಂದಿದ್ದರು.

ಇಂತಿ,
ಕೆರೆ ಹಿಂದಿನ ಬೀದಿಯ ನಿಮ್ಮ ಮತದಾರ