ಟೆಲಿಫೋನ್ ಇಲಾಖೆಯವರು ಕಟ್ಟಿದ ಕಂಪ್ಯೂಟರ್

ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮವಾಗಿದ್ದೇವೆ. ಅಮ್ಮ ಕಳಿಸಿದ ಚಟ್ನಿಪುಡಿ ಬಂದು ಮುಟ್ಟಿತು. ಮನೆ ಸುದ್ದಿಯೆಲ್ಲ ಫೋನಿನಲ್ಲಿ ಆಗುತ್ತದೆ. ಈ ಪತ್ರ ಬರೆಯುತ್ತಿರುವುದು ಟಾಮಿ ಫ್ಲವರ್ಸ್ ಅನ್ನುವವರ ಬಗ್ಗೆ ನಿಮಗೆ ಹೇಳಲೇಬೇಕು ಅನ್ನಿಸಿದ್ದಕ್ಕೆ. ಅವರೂ ನಿಮ್ಮ ಹಾಗೇ ಟೆಲಿಫೋನ್ ಇಲಾಖೆಯಲ್ಲಿ ದುಡಿದವರು.

ಹುಟ್ಟಿದ್ದು 1905ರಲ್ಲಿ, ಲಂಡನ್ನಿನ ಪಾಪ್ಲರ್‌ನಲ್ಲಿ. ತಂದೆ ಗಾರೆ ಕೆಲಸದವರು. ಹಗಲು ಅಪ್ರೆಂಟಿಸ್, ಸಂಜೆ ಕಾಲೇಜು, ಹೀಗೆ ಎಂಜಿನಿಯರ್ ಆದರು. 1926ರಲ್ಲಿ ಅಂಚೆ ಇಲಾಖೆ ಸೇರಿದರು. ಆಗ ಇಲ್ಲಿ ಟೆಲಿಫೋನೂ ಅಂಚೆಯವರದ್ದೇ, ನಮ್ಮ ಪಿ ಅಂಡ್ ಟಿ ಇದ್ದ ಹಾಗೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನಾಧಿಕಾರಿಗಳು ಲೊರೆಂಜ್ ಅನ್ನುವ ಯಂತ್ರದಿಂದ ಗುಟ್ಟಿನ ಟೆಲಿಪ್ರಿಂಟರ್ ಸಂದೇಶ ಕಳಿಸುತ್ತಿದ್ದರು. ಅದನ್ನು ಒಡೆಯುವ ಕೆಲಸ ನಮ್ಮ ಊರಿನ ಪಕ್ಕದಲ್ಲೇ ಇರುವ ಬ್ಲೆಚ್ಲಿ ಪಾರ್ಕಿನಲ್ಲಿ ನಡೆಯಿತು. ಬಿಲ್ ಟಟ್ ಅನ್ನುವ ಗಣಿತಜ್ಞರು ಆ ಯಂತ್ರವನ್ನು ಕಣ್ಣಲ್ಲೂ ನೋಡದೆ ಅದರ ರಚನೆ ಲೆಕ್ಕ ಹಾಕಿದರು. ಆದರೆ ಒಂದೊಂದು ಸಂದೇಶ ಒಡೆಯುವ ಲೆಕ್ಕ ಕೈಯಲ್ಲಿ ಮಾಡಿ ಮುಗಿಯುವಂಥದ್ದಲ್ಲ. ಮೊದಲು ಮಾಡಿದ ಯಂತ್ರದಲ್ಲಿ ಎರಡು ಕಾಗದದ ಟೇಪು ಜೊತೆಜೊತೆಗೆ ಓಡಬೇಕಿತ್ತು. ಟೇಪು ಹಿಗ್ಗಿ ತಾಳ ತಪ್ಪುತ್ತಿತ್ತು. ಫ್ಲವರ್ಸ್, ಒಂದು ಟೇಪು ತೆಗೆದುಬಿಡಿ, ಅದರ ಕೆಲಸವನ್ನು ವಾಲ್ವುಗಳಿಗೆ, ಅಂದರೆ ಹಳೇ ರೇಡಿಯೊಗಳಲ್ಲಿ ಇರುತ್ತಿದ್ದ ಗಾಜಿನ ಬುರುಡೆಗಳಿಗೆ, ಕೊಡೋಣ ಅಂದರು. ಅದಕ್ಕೆ 1,500ಕ್ಕೂ ಜಾಸ್ತಿ ವಾಲ್ವು ಬೇಕು!

ಯಾರೂ ನಂಬಲಿಲ್ಲ. ನಮ್ಮನೆ ವಾಲ್ವ್ ರೇಡಿಯೊ ಎಷ್ಟು ಸಲ ಕೈಕೊಡುತ್ತಿತ್ತು, ನಿಮಗೇ ಗೊತ್ತಲ್ವಾ. ಆದರೆ ಫ್ಲವರ್ಸ್‌ಗೆ ಎಕ್ಸ್‌ಚೇಂಜ್ ಕೆಲಸದಿಂದ ಒಂದು ವಿಷಯ ಗೊತ್ತಿತ್ತು. ಹಾಕಿ ಆರಿಸಿ ಮಾಡುವುದರಿಂದಲೇ ವಾಲ್ವು ಹೆಚ್ಚಾಗಿ ಕೆಡುತ್ತದೆ, ಆರಿಸದೆ ಬಿಟ್ಟರೆ ಬಾಳಿಕೆ ಬರುತ್ತದೆ. ಡಾಲಿಸ್ ಹಿಲ್‌ನ ಅಂಚೆ ಇಲಾಖೆ ಸಂಶೋಧನಾ ಕೇಂದ್ರದಲ್ಲಿ ತಮ್ಮ ತಂಡದ ಜೊತೆ ಹನ್ನೊಂದೇ ತಿಂಗಳಲ್ಲಿ ಕಟ್ಟಿಬಿಟ್ಟರು. ಹೆಸರು ಕೊಲೊಸಸ್. 1944ರ ಜನವರಿಯಲ್ಲಿ ಬ್ಲೆಚ್ಲಿಗೆ ಬಂತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. 2,400 ವಾಲ್ವಿನ ಎರಡನೇದು ಜೂನ್ 1ಕ್ಕೆ ಶುರುವಾಯಿತು, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ದಾಳಿಗೆ ಐದು ದಿನ ಮೊದಲು. ಯುದ್ಧ ಮುಗಿಯುವಾಗ ಹತ್ತು ಇದ್ದವು.

ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಹಾಗೇ ಒಂದನ್ನು ಮತ್ತೆ ಕಟ್ಟಿ ಓಡಿಸುತ್ತಾರೆ. ಸಾಲು ರಾಟೆಗಳ ಮೇಲೆ ಟೇಪು ಸುಯ್ಯನೆ ಸುತ್ತುತ್ತದೆ. ಟೇಪಿನ ನಡುವೆ ಸಣ್ಣ ತೂತುಗಳ ಸಾಲಿದೆ. ಅದರಿಂದ ಹಾಯುವ ಬೆಳಕೇ ಇಡೀ ಯಂತ್ರಕ್ಕೆ ತಾಳ ಹಾಕುತ್ತದೆ. ಟೇಪಿನ ವೇಗ ಕೊಂಚ ಏರುಪೇರಾದರೂ ಲೆಕ್ಕ ತಪ್ಪುವುದಿಲ್ಲ. ಎಂಥ ತಲೆ ಅಪ್ಪ! ರಿಲೇ, ಜ್ಯಾಕ್, ಸೆಲೆಕ್ಟರ್ ಅಂತ ಗೈಡ್ ತೋರಿಸುತ್ತಾ ಹೋದರು. ಎಲ್ಲ ನಿಮ್ಮ ಬಾಯಲ್ಲಿ ಕೇಳಿದ ಹೆಸರುಗಳೇ.

ನನಗೆ ಸಂಕಟವಾಗಿದ್ದು ಆಮೇಲಿನ ಕಥೆಗೆ. ಎಲ್ಲ ಗುಟ್ಟಾಗಿರಬೇಕೆಂದು ಆದೇಶ ಬಂತು. ಫ್ಲವರ್ಸ್ ತಮ್ಮ ನಕ್ಷೆಗಳನ್ನು ಕೈಯಾರೆ ಕುಲುಮೆಗೆ ಹಾಕಿದರು. ಬಹುಮಾನವಾಗಿ ಸಿಕ್ಕ ಸಾವಿರ ಪೌಂಡನ್ನು ಜೊತೆಗಾರರಿಗೆ ಹಂಚಿದರು. ಇಂಥದ್ದೇ ಯಂತ್ರ ಕಟ್ಟಲು ಬ್ಯಾಂಕ್ ಆಫ್ ಇಂಗ್ಲೆಂಡ್ ಹತ್ತಿರ ಸಾಲ ಕೇಳಿದರೆ, ಇದು ನಡೆಯುವ ಕೆಲಸವಲ್ಲ ಎಂದು ಕೊಡಲಿಲ್ಲ. ಆಗಲೇ ಕಟ್ಟಿದ್ದೇನೆ ಅಂತ ಹೇಳುವ ಹಾಗೂ ಇರಲಿಲ್ಲ. 1970ರ ದಶಕದವರೆಗೆ ಹೊರಗಿನವರಿಗೆ ಸುದ್ದಿಯೇ ಇಲ್ಲ. ಅಷ್ಟರಲ್ಲಿ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅನ್ನುವ ಹೆಸರು ಅಮೆರಿಕದ ಎನಿಯಾಕ್‌ಗೆ ಹೋಗಿತ್ತು.

ಬ್ಲೆಚ್ಲಿ ಅಂದರೆ ಇಲ್ಲಿ ಎಲ್ಲರೂ ಅಲ್ಲೇ ದುಡಿದ ಗಣಿತಜ್ಞ ಅಲನ್ ಟ್ಯೂರಿಂಗ್ ಹೆಸರು ಹೇಳುತ್ತಾರೆ. ಹೇಳಲಿ, ದೊಡ್ಡವರೇ. ಆದರೆ ಫ್ಲವರ್ಸ್ ಹೆಸರೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. 1996ರಲ್ಲಿ, ಮತ್ತೆ ಕಟ್ಟುತ್ತಿದ್ದ ಕೊಲೊಸಸ್ಸನ್ನು ಅವರ ಎದುರಲ್ಲೇ ಚಾಲೂ ಮಾಡಿದರಂತೆ. 1998ರಲ್ಲಿ ತೀರಿಕೊಂಡರು.

ಬೇಸಿಗೆಯಲ್ಲಿ ನೀವೂ ಅಮ್ಮನೂ ಬಂದಾಗ ಮೊದಲು ಆ ಮ್ಯೂಸಿಯಮ್ಮಿಗೇ ಹೋಗೋಣ. ನಿಮ್ಮ ಎಕ್ಸ್‌ಚೇಂಜ್ ಗೆಳೆಯರಿಗೂ ಇದನ್ನು ಓದಿ ಹೇಳಿ. ವೀಸಾಕ್ಕೆ ಪೆನ್ಷನ್ ಕಾಗದದ ಕಾಪಿ ಬೇಕು, ಈ ವಾರವೇ ಕಳಿಸಿಬಿಡಿ.

ನಿಮ್ಮ ಪ್ರೀತಿಯ ಮಗಳು