ಒಬ್ಬರು ಕಮ್ಮಿ

ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಯಿತು. ಏನಾಗಿತ್ತು ಅಂತ ನಮ್ಮ ಬೀದಿಯ ಪಂಕ್ತಿಯೂಟದವರಾದ ನಿಮಗೆಲ್ಲ ಗೊತ್ತೇ ಇದೆ. ಕೈ ಇನ್ನೂ ನಡುಗುತ್ತದೆ, ಅದಕ್ಕೇ ನಾನು ಹೇಳುತ್ತಿದ್ದೇನೆ, ಮಗಳ ಜೊತೆ ಬಂದಿರುವ ಮೊಮ್ಮಗಳು ಬರೆಯುತ್ತಿದ್ದಾಳೆ.

1964ರಲ್ಲಿ ಸಿದ್ಧಗಂಗಾ ಮಠಕ್ಕೆ ಓದಲು ಬಂದ ಹುಡುಗ ನಾನು. ಶಿವಕುಮಾರ ಸ್ವಾಮಿಗಳ ಕಾಲ. ನೂರಾರು ಹುಡುಗರ ಸಾಲಿನಲ್ಲಿ ಕೂತು ಮುದ್ದೆ ಉಂಡು ಬೆಳೆದವನಿಗೆ, ಎಪ್ಪತ್ತು ದಾಟಿದ ಮೇಲೆ ಒಬ್ಬನೇ ಉಣ್ಣುವ ಕಾಲ ಬಂತು. ಹೆಂಡತಿ ತೀರಿಹೋದ ಮೇಲೆ ಒಲೆ ಹಚ್ಚುವುದನ್ನೇ ಬಿಟ್ಟಿದ್ದೆ. ಅವಲಕ್ಕಿಗೆ ಮಜ್ಜಿಗೆ ಸುರಿದುಕೊಂಡು ನಿಂತೇ ತಿನ್ನುತ್ತಿದ್ದೆ. ಮೊದಲು ತರಕಾರಿ ಬಿಟ್ಟುಹೋಯಿತು, ಆಮೇಲೆ ಬೇಳೆ, ಕೊನೆಗೆ ಹಸಿವೂ.

ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಚಾಂದಣಕಿಯಲ್ಲಿ, ಮಕ್ಕಳು ಊರು ಬಿಟ್ಟ ಮೇಲೆ ಹಿರಿಯರೆಲ್ಲ ಒಂದೇ ಅಡುಗೆಮನೆಯ ಊಟ ಮಾಡುತ್ತಾರೆಂದು ಓದಿ, ತುಮಕೂರಿನ ನಮ್ಮ ಬೀದಿಯಲ್ಲೂ ವಾರಕ್ಕೆರಡು ಮಧ್ಯಾಹ್ನ ಪಂಕ್ತಿ ಶುರುಮಾಡಿದ ಮೇಷ್ಟ್ರಿಗೆ, ಭಜನೆ ಮನೆ ಬಿಟ್ಟುಕೊಟ್ಟವರಿಗೆ, ಅಡುಗೆ ಮಾಡುವ ಅಕ್ಕಂದಿರಿಗೆ, ದಿನಸಿ ಕೊಡುವ ಅಂಗಡಿಯವರಿಗೆ ನಮಸ್ಕಾರ.

ಕಂಡಕ್ಟ್ರಣ್ಣನ ವಿಷಯ ಬೇರೆ. ಬಸ್ಸಿನಲ್ಲಿ ಮೂವತ್ತು ವರ್ಷ ತಲೆ ಎಣಿಸಿದ ಅಭ್ಯಾಸ, ಬಡಿಸುವ ಮೊದಲು ನಮ್ಮನ್ನೂ ಎಣಿಸುತ್ತಾರೆ. ಆ ಗುರುವಾರ "ಹದಿನೇಳು. ಒಬ್ಬರು ಕಮ್ಮಿ" ಅಂದರಂತೆ. ತಾವೂ ಉಣ್ಣದೆ, ಡಬ್ಬಿಗೆ ಮುದ್ದೆ, ಸೊಪ್ಪಿನ ಸಾರು ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. ಬೆಳಗಿನಿಂದ ನಾನು ಬಚ್ಚಲಲ್ಲಿ ಬಿದ್ದಿದ್ದೆ. ಕೂಗಲು ದನಿಯೇ ಹೊರಡುತ್ತಿರಲಿಲ್ಲ. ಹಿತ್ತಿಲ ಬಾಗಿಲು ಒಡೆದದ್ದು ಅವರೇ.

ಮಗಳು ಬಂದು ಸೇರುವವರೆಗೆ, ರಾತ್ರಿಯಿಡೀ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಯಾವ ಹೊತ್ತೋ ಏನೋ, ಕಣ್ಣು ಬಿಟ್ಟಾಗ ತಣ್ಣಗಾದ ಅದೇ ಮುದ್ದೆ ಮುರಿಯುತ್ತಿದ್ದರು. "ಎದ್ರಾ ಯಜಮಾನ್ರೇ? ಒಬ್ಬನೇ ಉಣ್ಣೋಕೆ ಬೇಜಾರಾಗ್ತಿತ್ತು" ಅಂದರು. ನನಗೆ ಅಳು ತಡೆಯಲಿಲ್ಲ. ಅವಳನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. ನನ್ನನ್ನೂ ಕರೆದುಕೋ ಅಂತ ಶಿವನನ್ನು ಬೇಡಿಕೊಂಡ ದಿನಗಳು ಎಷ್ಟೋ. ಆ ರಾತ್ರಿ ಮಾತ್ರ ಇನ್ನೂ ಇರಬೇಕು ಅನ್ನಿಸಿತು. ಅವರು ಕೈ ತೊಳೆದು ಬಂದು, ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಬೆಳಗಿನವರೆಗೂ ಕೂತರು.

ಅಣ್ಣ, ಅವರೆಕಾಯಿ ಬಂದಿದೆ. ಈ ಗುರುವಾರ ಹಿದುಕಿದ ಬೇಳೆ ಸಾರಂತೆ. ಬುಧವಾರ ಸಂಜೆ ಕಾಳು ಹಿದುಕಲು ನಾನೂ ಬರುತ್ತೇನೆ. ನಿಧಾನಕ್ಕಾದರೂ ಒಂದು ಸೇರು ಹಿದುಕುತ್ತೇನೆ. ಮಾರನೆಯ ದಿನ ಹದಿನೆಂಟು ಎಣಿಸಿ.