16 ವೋಲ್ಟಿಗೆ ನಿಜವಾಗಿ ಇಳಿಯಿತಾ, ನೋಡು

ಕಲಬುರಗಿ

ಚಿ. ವೀಣಾಳಿಗೆ ಅವ್ವನ ಆಶೀರ್ವಾದಗಳು.

ನಾವೆಲ್ಲ ಆರಾಮ ಇದ್ದೇವೆ. ಬಿಸಿಲು ಮಾತ್ರ ಜಾಸ್ತಿ. ನೀನು ಫೋನಿನಲ್ಲಿ ಹೇಳಿದ್ದು ತಲೆಯಲ್ಲೇ ಕೂತಿದೆ. ನಿನ್ನ 24 ವೋಲ್ಟಿನ ಎಲೆಕ್ಟ್ರಾನಿಕ್ ಬೋರ್ಡ್ ನಿಮ್ಮ ಲ್ಯಾಬಿನಲ್ಲಿ ಪಾಸ್ ಆಗುತ್ತದೆ, ನಮ್ಮ ಕಪನೂರಿನ ದಾಲ್ ಮಿಲ್ಲಿಗೆ ಬಂದರೆ ರೀಸೆಟ್ ಹೊಡೆಯುತ್ತದೆ, ಅಂದರೆ ತಾನೇ ಬಂದ್ ಬಿದ್ದು ಮತ್ತೆ ಶುರುವಾಗುತ್ತದೆ. ಮಿಲ್ಲಿನ ವೋಲ್ಟೇಜ್ ಕುಸಿತವನ್ನು ಲ್ಯಾಬಿನ ಪವರ್ ಸಪ್ಲೈಯಿಂದ ನಕಲು ಮಾಡಲು ನೀನು ಬರೆದು ಕಳಿಸಿದ ಸೀಕ್ವೆನ್ಸ್ ನೋಡಿದೆ. 24 ವೋಲ್ಟ್ 5 ಸೆಕೆಂಡ್, 16 ವೋಲ್ಟ್ 50 ಮಿಲಿಸೆಕೆಂಡ್, ಮತ್ತೆ 24 ವೋಲ್ಟ್. ಬರೆದದ್ದು ಸರಿ ಇದೆ. ಬೋರ್ಡಿನ ಟರ್ಮಿನಲ್‌ನಲ್ಲೂ ಅದೇ ಆಗುತ್ತಿದೆಯಾ ಅನ್ನುವುದೇ ನನ್ನ ಅನುಮಾನ.

ಸಪ್ಲೈಗೆ ವೋಲ್ಟೇಜ್ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಅದರ ಔಟ್‌ಪುಟ್‌ನಲ್ಲಿ ಚಾರ್ಜ್ ತುಂಬಿಡುವ ಕೆಪಾಸಿಟರ್ ಇರುತ್ತದೆ, ಬೋರ್ಡಿನ ಇನ್‌ಪುಟ್‌ನಲ್ಲೂ ಇರುತ್ತದೆ. 16ಕ್ಕೆ ಇಳಿ ಅಂದಾಗ ಸಪ್ಲೈ ಕರೆಂಟ್ ಕೊಡುವುದನ್ನು ನಿಲ್ಲಿಸುತ್ತದೆ, ಅಷ್ಟೇ. ತುಂಬಿದ ಕೆಪಾಸಿಟರನ್ನು ಖಾಲಿ ಮಾಡಬೇಕಾದದ್ದು ಲೋಡ್, ಅಂದರೆ ಕರೆಂಟ್ ಎಳೆಯುವ ನಿನ್ನ ಬೋರ್ಡ್. ಕೆಲವು ದುಬಾರಿ ಸಪ್ಲೈಗಳು ತಾವೇ ಕರೆಂಟ್ ಒಳಗೆ ಎಳೆದುಕೊಂಡು ಬೇಗ ಇಳಿಸುತ್ತವೆ, ಬೇರೆಯವು ಹಾಗೆ ಮಾಡುವುದಿಲ್ಲ.

ಲೆಕ್ಕ ಹಾಕಿ ನೋಡು. ಎರಡೂ ಕಡೆಯ ಕೆಪಾಸಿಟರ್ ಸೇರಿ 1000 ಮೈಕ್ರೋಫ್ಯಾರಡ್ ಅಂದುಕೋ. ನಿನ್ನ ಬೋರ್ಡ್ ಎಳೆಯುವುದು 0.2 ಆಂಪ್. ಕರೆಂಟನ್ನು ಕೆಪಾಸಿಟನ್ಸ್‌ನಿಂದ ಭಾಗಿಸಿದರೆ ಸೆಕೆಂಡಿಗೆ 200 ವೋಲ್ಟ್. ಅಂದರೆ 8 ವೋಲ್ಟ್ ಇಳಿಯಲು 40 ಮಿಲಿಸೆಕೆಂಡ್ ಬೇಕು. ನೀನು ಕೊಟ್ಟದ್ದೇ 50! ಬೋರ್ಡ್ 16 ವೋಲ್ಟ್ ಕಂಡದ್ದು ಬರೀ 10 ಮಿಲಿಸೆಕೆಂಡ್. ಪಾಸ್ ಆಗದೆ ಇನ್ನೇನು ಮಾಡುತ್ತದೆ?

ಔಟ್‌ಪುಟ್‌ಗೆ ಅಡ್ಡಲಾಗಿ 47 ಓಮ್ ರೆಸಿಸ್ಟರ್ ಹಾಕಿ ನೋಡು. 24 ವೋಲ್ಟಿನಲ್ಲಿ ಅದು ಸುಮಾರು ಅರ್ಧ ಆಂಪ್ ಎಳೆಯುತ್ತದೆ, ಇಳಿಯುವ ಸಮಯ 13 ಮಿಲಿಸೆಕೆಂಡ್ ಹತ್ತಿರ ಬರುತ್ತದೆ. 12 ವ್ಯಾಟ್ ಸುಡುವುದರಿಂದ 25 ವ್ಯಾಟಿನ ವೈರ್‌ವೌಂಡ್ (ತಂತಿ ಸುತ್ತಿದ) ರೆಸಿಸ್ಟರೇ ಹಾಕು. ಕೈ ತಾಗಿಸಬೇಡ, ವೈರುಗಳಿಂದಲೂ ದೂರ ಇಡು. ಕರೆಂಟ್ ಲಿಮಿಟ್ 1 ಆಂಪ್‌ನಲ್ಲಿ ಇದ್ದರೆ 2ಕ್ಕೆ ಏರಿಸು. ಇಲ್ಲದಿದ್ದರೆ ಮೇಲೆ ಏರುವಾಗ ಕೆಪಾಸಿಟರ್ ತುಂಬಲು ಕರೆಂಟ್ ಸಾಲದೆ ಸಪ್ಲೈ ಸಿಸಿ ಮೋಡಿಗೆ ಹೋಗುತ್ತದೆ, ಅಂದರೆ ವೋಲ್ಟೇಜ್ ಬಿಟ್ಟು ಕರೆಂಟನ್ನು ಲಿಮಿಟ್‌ನಲ್ಲಿ ಹಿಡಿಯುತ್ತದೆ. ಆಗ ಬೋರ್ಡ್ ರೀಸೆಟ್ ಆದರೂ ಅದು ಬೋರ್ಡಿನ ತಪ್ಪಲ್ಲ. ಸೀಕ್ವೆನ್ಸ್ ಓಡುವಾಗ ಸಿವಿ (ವೋಲ್ಟೇಜ್ ಹಿಡಿದಿದೆ ಅನ್ನುವುದು), ಸಿಸಿ ದೀಪದ ಮೇಲೆ ಒಂದು ಕಣ್ಣಿರಲಿ. ಅದು ಕ್ಷಣ ಮಾತ್ರ ಮಿನುಗಿದರೆ ಕಣ್ಣಿಗೆ ಕಾಣದೇ ಹೋಗಬಹುದು, ಹಾಗಾಗಿ ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಸ್ಕೋಪಿನಲ್ಲೇ ನೋಡು. ಸ್ಕೋಪಿನ ಪ್ರೋಬ್ ಬೋರ್ಡಿನ ಟರ್ಮಿನಲ್ ಮೇಲೆ ಇರಬೇಕು, ಸಪ್ಲೈ ಮುಂದೆ ಅಲ್ಲ.

ಇನ್ನೊಂದು ಮಾತು. ಮಿಲ್ಲಿನಲ್ಲಿ 50 ಮಿಲಿಸೆಕೆಂಡಿನ ಕುಸಿತ ಒಂದೇ ಇರುವುದಿಲ್ಲ. ಸ್ಟಾರ್ಟರ್‌ನಿಂದ ನೇರವಾಗಿ ಚಾಲೂ ಮಾಡಿದ ಮೋಟಾರ್ ಶುರುವಿನಲ್ಲಿ ಫುಲ್ ಲೋಡಿನ 5ರಿಂದ 8 ಪಟ್ಟು ಕರೆಂಟ್ ಎಳೆಯುತ್ತದೆ. ಕಾಳು ಮೇಲೆತ್ತುವ ಎಲಿವೇಟರಿನಲ್ಲಿ ತೊಗರಿ ತುಂಬಿದ್ದರೆ ವೇಗಕ್ಕೆ ಬರಲು ಕೆಲವು ಸೆಕೆಂಡ್ ಬೇಕು. ಲೈನ್ ವೀಕ್ ಇದ್ದರೆ ಅಷ್ಟೂ ಹೊತ್ತು ವೋಲ್ಟೇಜ್ ಕುಸಿದೇ ಇರುತ್ತದೆ. ಬರೀ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಜ್ ಇರುವ ಹಳೇ 24 ವೋಲ್ಟ್ ಸಪ್ಲೈ ಆ ಕುಸಿತವನ್ನು ಹಾಗೇ ಬೋರ್ಡಿಗೆ ದಾಟಿಸುತ್ತದೆ. ಸೀಸನ್ನಿನಲ್ಲಿ ನನ್ನ ಟೇಬಲ್ಲಿಗೆ ಬರುವ ಬೋರ್ಡುಗಳ ಜೊತೆ ಮಿಲ್ಲಿನವರು ಹೇಳುವುದು ಇದನ್ನೇ: "ಮೋಟಾರ್ ಹಾಕಿದಾಗ ಬಂದ್ ಬೀಳುತ್ತದೆ, ಆಮೇಲೆ ಸರಿ ಇರುತ್ತದೆ." ಅದಕ್ಕೆ 50 ಮಿಲಿಸೆಕೆಂಡ್, 200 ಮಿಲಿಸೆಕೆಂಡ್, 2 ಸೆಕೆಂಡ್, ಮೂರನ್ನೂ ಹಾಕು. ಪ್ರತಿಯೊಂದನ್ನೂ 20, 18, 16 ವೋಲ್ಟಿಗೆ ಇಳಿಸಿ ನೋಡು. ನಡುವೆ ಬೋರ್ಡ್ ಪೂರ್ತಿ ಬೂಟ್ ಆಗುವಷ್ಟು ಹೊತ್ತು 24 ಇರಲಿ. ಎಲ್ಲಿ ಬೀಳುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದೊಂದು ಸ್ಟೆಪ್ಪನ್ನೂ ಲ್ಯಾಪ್‌ಟಾಪಿನ ಪೈಥಾನ್ ಪ್ರೋಗ್ರಾಮಿನಲ್ಲಿ ಸ್ಲೀಪ್ (ಇಷ್ಟು ಹೊತ್ತು ಕಾಯು ಅನ್ನುವ ಆದೇಶ) ಹಾಕಿ ಕಳಿಸುವುದು ಬೇಡ. ಎರಡು ಸೆಕೆಂಡಿನ ಸ್ಟೆಪ್ಪಿಗೆ ನಡೆಯುತ್ತದೆ. 50 ಮಿಲಿಸೆಕೆಂಡಿಗೆ ನಡೆಯುವುದಿಲ್ಲ, ಕಂಪ್ಯೂಟರ್ ಬೇರೆ ಕೆಲಸಕ್ಕೆ ತಿರುಗಿದರೆ 50 ಹೋಗಿ 70 ಆಗಬಹುದು. ಸಪ್ಲೈಯಲ್ಲಿ ಲಿಸ್ಟ್ ಮೋಡ್ ಇದೆ ಅಂದೆಯಲ್ಲ, ಪೂರ್ತಿ ಪಟ್ಟಿಯನ್ನು ಅದರೊಳಗೆ ತುಂಬಿ ಒಂದೇ ಟ್ರಿಗರ್ ಕೊಡು. ಸಮಯವನ್ನು ಅದೇ ನೋಡಿಕೊಳ್ಳುತ್ತದೆ. ತುಂಬಿದ ಮೇಲೆ ಎರರ್ ಇದೆಯಾ ಅಂತ ಒಂದು ಕಮಾಂಡ್ ಕಳಿಸಿ ಕೇಳು. ಇಂಥ ಉಪಕರಣಗಳಿಗೆ ಕೊಡುವ ಈ ಸ್ಕಿಪಿ (SCPI) ಕಮಾಂಡುಗಳು 1990ರಿಂದ ಇವೆ, ಎರರ್ ಕೇಳುವ ಕಮಾಂಡೂ ಅದರಲ್ಲೇ ಇದೆ. ವೋಲ್ಟೇಜಿಗೆ ಆರು ಸ್ಟೆಪ್, ಸಮಯಕ್ಕೆ ಐದು ಕೊಟ್ಟಿದ್ದರೆ ಅನೇಕ ಸಪ್ಲೈಗಳು ಎರರ್ ಬರೆದಿಟ್ಟು ಸುಮ್ನೆ ಕೂರುತ್ತವೆ. ಕೇಳಿದರೆ ಮಾತ್ರ ಹೇಳುತ್ತವೆ.

ಔಟ್‌ಪುಟ್ ಆನ್ ಮಾಡುವ ಮುಂಚೆ ಓವರ್‌ವೋಲ್ಟೇಜ್ ಲಿಮಿಟ್ 27ಕ್ಕೆ ಇಡು. 24 ಅನ್ನುವಲ್ಲಿ 42 ಅಂತ ಟೈಪ್ ಆದರೂ ಬೋರ್ಡ್ ಉಳಿಯಲಿ. ಪಟ್ಟಿ ಮುಗಿದ ಮೇಲೆ ಕೆಲವು ಸಪ್ಲೈಗಳು ಕೊನೆಯ ಸ್ಟೆಪ್ಪಿನಲ್ಲೇ ನಿಲ್ಲುತ್ತವೆ, ಕೆಲವು ಮೊದಲಿನ ಸೆಟ್ಟಿಂಗಿಗೆ ಮರಳುತ್ತವೆ. ನಿನ್ನದು ಹೇಗೆ ಅಂತ ಬೋರ್ಡ್ ಹಚ್ಚದೇ ಒಮ್ಮೆ ಓಡಿಸಿ ನೋಡು. ಕರೆಂಟ್ ಹೋಗಿ ಬಂದಾಗ ಔಟ್‌ಪುಟ್ ಆಫ್ ಆಗಿಯೇ ಏಳುವ ಹಾಗೆ ಸೆಟ್ ಮಾಡು. ಇಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು, ನಿಮ್ಮಲ್ಲೂ ಹೋಗದೇ ಇರುವುದಿಲ್ಲ ಅಲ್ವಾ.

ಬೋರ್ಡಿನ ಟರ್ಮಿನಲ್‌ನ ವೋಲ್ಟೇಜನ್ನು ಸಪ್ಲೈಗೆ ತಿಳಿಸುವ ಸೆನ್ಸ್ ವೈರ್ ಬಗ್ಗೆ ನೀನು ಕೇಳಿದ್ದೆ. 3 ಆಂಪ್ ಹೋಗುವ ಕಡೆ ವೈರಿನಲ್ಲಿ 0.1 ಓಮ್ ಇದ್ದರೆ 0.3 ವೋಲ್ಟ್ ಅಲ್ಲೇ ಕಳೆಯುತ್ತದೆ, ಅಲ್ಲಿ ಬೇಕು. ನಿನ್ನ ಈ ಬೋರ್ಡಿಗೆ ಸದ್ಯ ಬೇಡ, ವೈರ್ ಗಿಡ್ಡ ಇರಲಿ ಸಾಕು.

ನಾಳೆ ರೆಸಿಸ್ಟರ್ ಹಾಕುವ ಮೊದಲಿನದೊಂದು, ಹಾಕಿದ ಮೇಲಿನದೊಂದು ಸ್ಕೋಪಿನ ಫೋಟೋ ಕಳಿಸು. ಟೈಮ್ ಸ್ಕೇಲ್ ಒಂದು ಚೌಕಕ್ಕೆ 10 ಮಿಲಿಸೆಕೆಂಡ್ ಇಟ್ಟು ತೆಗಿ, ಇಳಿಯುವ ಗೆರೆ ಚೆನ್ನಾಗಿ ಕಾಣುತ್ತದೆ. ಮಿಲ್ಲಿನವರಿಗೆ ನಾನೇ ಹೇಳಿ ಮೋಟಾರ್ ಹಾಕುವಾಗ ಆ 24 ವೋಲ್ಟ್ ಲೈನಿನ ರೆಕಾರ್ಡ್ ತೆಗೆದುಕೊಂಡು ಬರುತ್ತೇನೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ರಾತ್ರಿ ಲ್ಯಾಬಿನಲ್ಲೇ ಕೂತು ಊಟ ಬಿಡಬೇಡ.

ನಿನ್ನ ಅವ್ವ